ಅಪ್‌ಡೇಟ್: ಮಗಳ 3ನೇ ಹುಟ್ಟುಹಬ್ಬ ಚೆನ್ನಾಗಿ ಆಯಿತು

ಮಗಳ 3ನೇ ಹುಟ್ಟುಹಬ್ಬಕ್ಕೆ ಎಷ್ಟು ಮಕ್ಕಳನ್ನು ಕರೆಯಬೇಕು, ಎಷ್ಟು ಹೊತ್ತು ಪಾರ್ಟಿ ಇಡಬೇಕು ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ವಯಸ್ಸಿಗೆ ಒಂದು ಸೇರಿಸಿದರೆ ಎಷ್ಟೋ ಅಷ್ಟೇ ಮಕ್ಕಳು ಸಾಕು ಅಂತ ಒಬ್ಬರು ಹೇಳಿದ್ದರು. ಅದರಂತೆ 4 ಮಕ್ಕಳನ್ನು ಕರೆದೆವು.

ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಸಮಯದ ಸಲಹೆ. ಸಂಜೆ ಬದಲು ಬೆಳಿಗ್ಗೆ 10ರಿಂದ 11:30ರವರೆಗೆ ಇಟ್ಟುಕೊಂಡೆವು. ಮಧ್ಯಾಹ್ನದ ನಿದ್ದೆಗೆ ಮುಂಚೆಯೇ ಎಲ್ಲ ಮುಗಿಯಿತು. ಈ ವಯಸ್ಸಿನವರು ಹಸಿವು, ನಿದ್ದೆ ಎರಡನ್ನೂ ತಡೆಯುವುದಿಲ್ಲ, ಅಲ್ವಾ? ಅದಕ್ಕೇ ಕೇಕ್ ಅನ್ನು ಕೊನೆಯವರೆಗೂ ಕಾಯಿಸದೆ ಬೇಗನೇ ಕತ್ತರಿಸಿದೆವು. ಆಟಕ್ಕೆ ದೊಡ್ಡ ರಟ್ಟಿನ ಡಬ್ಬಗಳು, ಕ್ರೇಯಾನ್ ಅಷ್ಟೇ. ಗೆಲ್ಲುವ, ಸೋಲುವ ಆಟ ಇಷ್ಟು ಚಿಕ್ಕವರಿಗೆ ಬೇಡವೇ ಬೇಡ.

ಬಲೂನ್ ಬಗ್ಗೆ ಎಚ್ಚರಿಸಿದವರಿಗೆ ವಿಶೇಷ ಧನ್ಯವಾದ. ಒಡೆದ ಬಲೂನಿನ ಚೂರು ಗಂಟಲಲ್ಲಿ ಸಿಕ್ಕಿಕೊಂಡರೆ ಮಗುವಿನ ಉಸಿರೇ ಕಟ್ಟಬಹುದು. ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಾವು ಬಣ್ಣದ ಕಾಗದದಿಂದಲೇ ಅಲಂಕಾರ ಮಾಡಿದೆವು. ದ್ರಾಕ್ಷಿಯನ್ನೂ ಇಡಿಯಾಗಿ ಕೊಡದೆ ಉದ್ದಕ್ಕೆ 4 ಹೋಳು ಮಾಡಿದೆವು.

ಉಡುಗೊರೆಗಳನ್ನು ಎಲ್ಲರೂ ಹೊರಟ ಮೇಲೆ ಬಿಚ್ಚಿದೆವು. ಹಾಗಾಗಿ ಆಟಿಕೆಗೆ ಜಗಳವೂ ಆಗಲಿಲ್ಲ.