ಅಪ್‌ಡೇಟ್: ಅಪ್ಪನ ಹಲ್ಲು ಕ್ಲೀನಿಂಗ್ ಆಯ್ತು (ಅರ್ಧ)

ಪಾರ್ಕಿನ್ಸನ್ಸ್ (ಕೈಕಾಲು ನಡುಗುವ ಕಾಯಿಲೆ) ಇರುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ತಗೊಳ್ಳುವ ಅಪ್ಪನಿಗೆ ಹಲ್ಲು ಕ್ಲೀನ್ ಮಾಡಿಸಬಹುದಾ, ಮಾತ್ರೆ ನಿಲ್ಲಿಸಬೇಕಾ ಅಂತ ಹೋದ ತಿಂಗಳು ಕೇಳಿದ್ದೆ. ನಿನ್ನೆ ಮಾಡಿಸಿಕೊಂಡು ಬಂದೆವು.

ಮಾತ್ರೆ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ರಕ್ತ ಹೆಪ್ಪುಗಟ್ಟುವ ಅಪಾಯವೇ ಜಾಸ್ತಿ ಅಂತ ಹೃದಯದ ಡಾಕ್ಟರು ಹೇಳಿದರು. ಹಿಂದಿನ ದಿನ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತೆ ಅಂತ ನೋಡುವ) ಪರೀಕ್ಷೆ ಮಾಡಿಸಿದೆವು, 2.4 ಬಂತು. ಹಲ್ಲು ಕ್ಲೀನ್ ಮಾಡುವ ಹೈಜಿನಿಸ್ಟ್ ಆ ರಿಪೋರ್ಟ್ ನೋಡಿಯೇ ಕೈ ಹಾಕಿದ್ದು.

ಆಕೆ ಫೋನಿನಲ್ಲಿ ಮೊದಲು ಕೇಳಿದ್ದು ಹಲ್ಲಿನ ಬಗ್ಗೆ ಅಲ್ಲ. "ಲೆವೊಡೋಪಾ ಎಷ್ಟು ಹೊತ್ತಿಗೆ ಕೊಡ್ತೀರಿ?" ಅಂತ! ಅದು ಪಾರ್ಕಿನ್ಸನ್ಸ್‌ಗೆ ಕೊಡುವ ಮಾತ್ರೆ. ಅದರ ಪರಿಣಾಮ ಇರುವ ಹೊತ್ತಿನಲ್ಲಿ ಮೈ ಸ್ವಲ್ಪ ಹತೋಟಿಯಲ್ಲಿರುತ್ತೆ, ಆಗಲೇ ಬನ್ನಿ ಅಂದರು. ಕುರ್ಚಿಯನ್ನು ಪೂರ್ತಿ ಮಲಗಿಸಲಿಲ್ಲ. ಅಪ್ಪನಿಗೆ ನುಂಗುವುದು ನಿಧಾನ, ನೀರು ಶ್ವಾಸನಾಳಕ್ಕೆ ಇಳಿದರೆ ಕಷ್ಟ ಅಲ್ವಾ. ಕುತ್ತಿಗೆ ಕೆಳಗೆ ಸುತ್ತಿದ ಟವೆಲ್ ಇಟ್ಟು, ಆಗಾಗ ನಿಲ್ಲಿಸಿ ಬಾಯಿಯ ನೀರು ಎಳೆದು ತೆಗೆಯುತ್ತಿದ್ದರು. ಅಪ್ಪ ಎಡಗೈ ಎತ್ತಿದರೆ ಸಾಕು, ಮಷಿನ್ ಬಂದ್. ಒಂದು ಕಡೆ ವಸಡಿನಿಂದ ರಕ್ತ ಒಸರಿತು. ಗಾಜ್ ಬಟ್ಟೆ ಒತ್ತಿ ಹಿಡಿದು, ನಿಂತ ಮೇಲೆಯೇ ಮುಂದುವರಿಸಿದರು.

ಅರ್ಧ ಬಾಯಿಗೇ ಅಪ್ಪ ಸುಸ್ತಾದರು, ಉಳಿದದ್ದಕ್ಕೆ ಇನ್ನೊಂದು ದಿನ. ತಟ್ಟನೆ ಎದ್ದರೆ ಬಿಪಿ ಇಳಿದು ತಲೆ ಸುತ್ತಬಹುದು ಅಂತ ಸ್ವಲ್ಪ ಹೊತ್ತು ಕೂರಿಸಿಯೇ ಎಬ್ಬಿಸಿದರು.

ಮನೆಗೆ ಒಂದು ಉಪಾಯವನ್ನೂ ಹೇಳಿದ್ದಾರೆ: ಬ್ರಷ್ ಹಿಡಿಗೆ ಸೈಕಲ್ ಹ್ಯಾಂಡಲ್‌ನ ರಬ್ಬರ್ ಗ್ರಿಪ್. ಸುಮ್ನೆ ತಮಾಷೆ ಅಂದುಕೊಂಡೆ. ಇವತ್ತು ಬೆಳಿಗ್ಗೆ ಅಪ್ಪ ಒಬ್ಬರೇ ಹಲ್ಲುಜ್ಜಿದರು. ಕನ್ನಡಿ ತುಂಬಾ ಪೇಸ್ಟ್, ಅದು ಬೇರೆ ಮಾತು.