ಪರೀಕ್ಷೆಯ ಅರ್ಜಿಗೆ ಬಂದ ಫೋಟೊಗಳಲ್ಲಿ ನನ್ನ ವಿದ್ಯಾರ್ಥಿನಿಯರ ಗುರುತೇ ಹತ್ತಲಿಲ್ಲ

ಪ್ರಶ್ನೆ: ಪ್ರೌಢಶಾಲಾ ಶಿಕ್ಷಕಿ, ನವನಗರ, ಬಾಗಲಕೋಟೆ

ಹತ್ತನೆಯ ತರಗತಿಯ ಪರೀಕ್ಷೆಯ ಅರ್ಜಿಗೆಂದು ಮಕ್ಕಳಿಂದ ಫೋಟೊ ತರಿಸಿದಾಗ ಏಳು ಹುಡುಗಿಯರ ಫೋಟೊಗಳನ್ನು ಹಿಂದಿರುಗಿಸಬೇಕಾಯಿತು. ಮೊಬೈಲಿನಲ್ಲಿ ಫಿಲ್ಟರ್ ಹಾಕಿ ತೆಗೆದ ಆ ಚಿತ್ರಗಳಲ್ಲಿ ಮೂಗು ಸಣ್ಣದಾಗಿ, ಕೆನ್ನೆ ಇಳಿದು, ಬಣ್ಣ ಎಷ್ಟು ಬೆಳ್ಳಗಾಗಿತ್ತೆಂದರೆ, ದಿನವೂ ಹಾಜರಿ ಕೂಗುವ ನನಗೇ ಗುರುತು ಹತ್ತಲಿಲ್ಲ. ಅವರಲ್ಲೊಬ್ಬಳು, ‘ಸ್ಟುಡಿಯೊದವರು ತೆಗೆದದ್ದು ನಾನಲ್ಲ ಟೀಚರ್, ಇದೇ ನಾನು’ ಎಂದು ಹಟ ಹಿಡಿದಳು. ಅವಳು ಬಿಸಿಯೂಟವನ್ನೂ ಅರ್ಧಕ್ಕೆ ಬಿಟ್ಟು ಏಳುತ್ತಾಳೆಂದು ಆಮೇಲೆ ತಿಳಿಯಿತು.

ತಾಯಿಯನ್ನು ಕರೆಸಿದೆ. ಅವರು ತಪ್ಪನ್ನೆಲ್ಲ ಮೊಬೈಲಿನ ಮೇಲೆ ಹೊರಿಸಿದರು. ಅದರ ಬೆನ್ನಿಗೇ, ‘ಇವಳು ಅಪ್ಪನ ಬಣ್ಣ ತಂದಳು, ಅಕ್ಕನಂತಾಗಲಿಲ್ಲ’ ಎಂದು ಮಗಳ ಎದುರಿಗೇ ನಿಟ್ಟುಸಿರು ಬಿಟ್ಟರು. ನನ್ನ ಗೊಂದಲ ಇರುವುದು ಇಲ್ಲಿ. ಸಿನಿಮಾ, ಟಿ.ವಿ., ರೀಲ್ಸ್‌ಗಳು ಮಕ್ಕಳ ಮನಸ್ಸಿನಲ್ಲಿ ದೇಹದ ಬಗ್ಗೆ ಹೊಸ ಕಲ್ಪನೆಯನ್ನು ಬಿತ್ತುತ್ತವೆಯೇ, ಇಲ್ಲವೇ ಮನೆಯಲ್ಲಿ ಮೊದಲೇ ಇದ್ದುದಕ್ಕೆ ನೀರೆರೆಯುತ್ತವೆಯೇ? ಮೊಬೈಲ್ ಕಸಿದಿಟ್ಟರೆ ಇದು ನಿಂತೀತೇ?

ಉತ್ತರ: ಮನೋವಿಜ್ಞಾನ ಉಪನ್ಯಾಸಕಿ, ಬೆಳಗಾವಿ

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ ಮೇಡಂ: ಅಷ್ಟರಿಂದಲೇ ನಿಲ್ಲುವುದಿಲ್ಲ. ಫಿಜಿ ದ್ವೀಪಗಳ ನಡ್ರೊಗಾ ಪ್ರಾಂತಕ್ಕೆ ಟಿ.ವಿ. ಬಂದದ್ದು 1995ರಲ್ಲಿ. ಅಲ್ಲಿ ಮೈಕೈ ತುಂಬಿಕೊಂಡಿರುವುದೇ ಲಕ್ಷಣವೆಂದು ತಿಳಿಯುತ್ತಿದ್ದರು, ಯಾರಾದರೂ ಸೊರಗಿದರೆ ಮನೆಯವರು ಚಿಂತಿಸುತ್ತಿದ್ದರು. ಆನ್ ಬೆಕರ್ ಎಂಬ ಮನೋವೈದ್ಯೆ ಅದೇ ವರ್ಷ ಶಾಲಾ ಹುಡುಗಿಯರನ್ನು ಮಾತನಾಡಿಸಿದ್ದರು. ಮೂರು ವರ್ಷ ಬಿಟ್ಟು ಮತ್ತೆ ಹೋದಾಗ, ಊಟದ ಅಭ್ಯಾಸದ ಪ್ರಶ್ನಾವಳಿಯಲ್ಲಿ ಆತಂಕಪಡುವಷ್ಟು ಅಂಕ ಬಂದವರು ನೂರಕ್ಕೆ 12.7ರಿಂದ 29.2ಕ್ಕೆ ಏರಿದ್ದರು. ತೂಕ ಇಳಿಸಲೆಂದು ಬೇಕೆಂದೇ ವಾಂತಿ ಮಾಡಿಕೊಳ್ಳುವವರು ಮೊದಲು ಒಬ್ಬರೂ ಇರಲಿಲ್ಲ, 1998ರಲ್ಲಿ ನೂರಕ್ಕೆ 11.3 ಮಂದಿ ಇದ್ದರು. ಎರಡೂ ಬಾರಿ ಪ್ರಶ್ನಿಸಿದ್ದು ಅರವತ್ತು ಚಿಲ್ಲರೆ ಹುಡುಗಿಯರನ್ನು, ಅದೂ ಬೇರೆ ಬೇರೆ ಹುಡುಗಿಯರನ್ನು. ಆದ್ದರಿಂದ ಎಲ್ಲವೂ ಟಿ.ವಿ.ಯಿಂದಲೇ ಆಯಿತೆಂದು ಹೇಳಲಾಗದು.

ನಿಮಗೆ ಹೆಚ್ಚು ಉಪಯೋಗವಾಗುವುದು 2011ರಲ್ಲಿ ಪ್ರಕಟವಾದ ಅವರ ಮುಂದಿನ ಅಧ್ಯಯನ. ಹುಡುಗಿ ತಾನು ಎಷ್ಟು ನೋಡುತ್ತಾಳೆ ಎಂಬುದಕ್ಕಿಂತ ಅವಳ ಗೆಳತಿಯರ ಬಳಗ ಎಷ್ಟು ನೋಡುತ್ತದೆ ಎಂಬುದಕ್ಕೇ ಈ ತೊಂದರೆಯೊಡನೆ ಹೆಚ್ಚಿನ ನಂಟು ಕಂಡುಬಂತು. ಅಂದರೆ ಚಿತ್ರವು ಪರದೆಯಿಂದ ನೇರವಾಗಿ ಮಗುವಿನೊಳಗೆ ಇಳಿಯಬೇಕೆಂದಿಲ್ಲ, ಬೆಂಚಿನ ಮೇಲೆ ಪಕ್ಕದಲ್ಲಿ ಕುಳಿತವಳ ಮಾತಿನಲ್ಲಿ ಬಂದರೂ ಸಾಕು. ಆ ತಾಯಿಯ ನಿಟ್ಟುಸಿರೂ ಅಂಥದೇ ಒಂದು ದಾರಿ. ಬಿಸಿಯೂಟ ಬಿಡುವುದು ಮುಂದುವರಿದರೆ ಮಾತ್ರ ತಡಮಾಡದೆ ವೈದ್ಯರಿಗೆ ತೋರಿಸಿ. ಬೆಳೆಯುವ ವಯಸ್ಸಿನ ಹುಡುಗಿಗೆ ಊಟ ಸಾಲದಿದ್ದರೆ ರಕ್ತಹೀನತೆ ಬರಬಹುದು.

ಉತ್ತರ: ಫೋಟೊ ಸ್ಟುಡಿಯೊ ಮಾಲೀಕ, ವಿಜಯಪುರ

ಅಕ್ಕಾವ್ರೆ, ನಮಸ್ಕಾರ. ಈ ತಪ್ಪಿನಲ್ಲಿ ನಮ್ಮ ಕಸುಬಿನ ಪಾಲೂ ಇದೆ, ಅದನ್ನು ಮುಚ್ಚಿಟ್ಟರೆ ಚೆಂದವಾಗುವುದಿಲ್ಲ. ಫಿಲ್ಟರ್ ಎಂಬುದು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ನಮ್ಮ ತಂದೆಯವರು ನೆಗೆಟಿವ್ ಮೇಲೆ ಸಣ್ಣ ಪೆನ್ಸಿಲ್ ಹಿಡಿದು ಟಚಿಂಗ್ ಮಾಡುತ್ತಿದ್ದರು. ಹೆಣ್ಣು ನೋಡಲು ಕಳಿಸುವ ಫೋಟೊ ಎಂದರೆ ಆ ಕೆಲಸಕ್ಕೆ ಇನ್ನೊಂದು ತಾಸು ಹೆಚ್ಚು. ಆಗಲೂ ‘ಸ್ವಲ್ಪ ಬೆಳ್ಳಗೆ ಮಾಡಿರಿ’ ಎಂದು ಕೇಳುತ್ತಿದ್ದವರು ಹುಡುಗಿಯರಲ್ಲ, ಅವರನ್ನು ಕರೆತಂದ ಹಿರಿಯರು.

ಯಂತ್ರವೂ ನಿಷ್ಪಕ್ಷಪಾತಿಯಾಗಿರಲಿಲ್ಲ. ಕೋಡಾಕ್ ಕಂಪನಿಯು ಲ್ಯಾಬುಗಳಿಗೆ ಬಣ್ಣ ಸರಿಹೊಂದಿಸಲು ಕಳಿಸುತ್ತಿದ್ದ ಮಾದರಿ ಚಿತ್ರಕ್ಕೆ ಶರ್ಲಿ ಕಾರ್ಡ್ ಎಂದು ಹೆಸರು; ಅದರಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿ ಮೈಬಣ್ಣದ ಹೆಣ್ಣುಮಗಳು. ಅವಳ ಬಣ್ಣ ಸರಿಯಾಗಿ ಮೂಡಿದರೆ ಪ್ರಿಂಟು ಸರಿ ಎಂದು ಲೆಕ್ಕ. ಬಿಸಿಲಿನಲ್ಲಿ ಜೋಳದ ಹೊಲದ ಕೆಲಸ ಮಾಡುವ ನಮ್ಮ ಜನರ ಮುಖ ಆ ಅಳತೆಗೆ ಎಲ್ಲಿಂದ ಹೊಂದಬೇಕು? ಮುಖ ಕಪ್ಪಗೆ ಮುದ್ದೆಯಾಗಿ ಬಂದರೆ ಜನ ಯಂತ್ರವನ್ನು ಬೈಯಲಿಲ್ಲ, ಬಣ್ಣವನ್ನೇ ಬೈದುಕೊಂಡರು. ಈಗ ಅನೇಕ ಮೊಬೈಲುಗಳು ಕೇಳದೆಯೇ ಚರ್ಮವನ್ನು ನುಣುಪು ಮಾಡಿ ಬೆಳ್ಳಗೆ ತೋರಿಸುತ್ತವೆ. 2020ರಲ್ಲಿ ‘ಫೇರ್ ಅಂಡ್ ಲವ್ಲಿ’ ಕ್ರೀಮು ‘ಗ್ಲೋ ಅಂಡ್ ಲವ್ಲಿ’ ಆಯಿತು, ಆದರೆ ನಮ್ಮ ಪಕ್ಕದ ಅಂಗಡಿಗೆ ಬರುವವರು ಇಂದಿಗೂ ಹಳೆಯ ಹೆಸರು ಹೇಳಿಯೇ ಕೇಳುತ್ತಾರೆ.

ಆ ಹುಡುಗಿ ಸ್ಟುಡಿಯೊ ಫೋಟೊ ತನ್ನದಲ್ಲ ಎಂದದ್ದರಲ್ಲಿ ಅರ್ಧ ಸತ್ಯವಿರಬಹುದು. ಅರ್ಜಿಯ ಫೋಟೊಗೆ ಬಿಳಿ ಹಿನ್ನೆಲೆ ಬೇಕು. ಹಿಂದಿನ ಬಿಳುಪನ್ನು ಕಂಡು ಕ್ಯಾಮೆರಾ ಬೆಳಕನ್ನು ತಗ್ಗಿಸಿಕೊಳ್ಳುತ್ತದೆ, ಆಗ ಮುಖ ಇರುವುದಕ್ಕಿಂತ ಕಪ್ಪಾಗುತ್ತದೆ. ಅವಸರದಲ್ಲಿ ಎದುರಿನಿಂದ ಫ್ಲಾಶ್ ಹೊಡೆದರೆ ಹಣೆ, ಮೂಗು ಮಾತ್ರ ಮಿಂಚುತ್ತವೆ. ಅವಳನ್ನು ಗೋಡೆಯಿಂದ ನಾಲ್ಕು ಹೆಜ್ಜೆ ಮುಂದೆ, ಕಿಟಕಿಯ ಬೆಳಕು ಓರೆಯಾಗಿ ಬೀಳುವಂತೆ ನಿಲ್ಲಿಸಿ, ಪರದೆಯ ಮೇಲೆ ಅವಳ ಮುಖವನ್ನೇ ಬೆರಳಿನಿಂದ ಒತ್ತಿ ಬೆಳಕು ಹೊಂದಿಸಿ ತೆಗೆದು ನೋಡಿರಿ. ಬ್ಯೂಟಿ ಮೋಡ್ ಬಂದ್ ಮಾಡಿರಬೇಕು.

ಉತ್ತರ: ಮಾಜಿ ಕುಸ್ತಿಪಟು, ಮುಧೋಳ

ಮಾತು ಹುಡುಗಿಯರಲ್ಲಿಯೇ ನಿಂತಿದೆ, ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ. ನಾವು ಗರಡಿಯಲ್ಲಿ ಮಣ್ಣು ಹಚ್ಚಿಕೊಂಡು ದಂಡ, ಬೈಠಕ್ ಹೊಡೆಯುತ್ತಿದ್ದಾಗ ಹೊಟ್ಟೆಯ ಮೇಲೆ ಎಷ್ಟು ಗೆರೆ ಮೂಡಿವೆ ಎಂದು ಯಾರೂ ಎಣಿಸುತ್ತಿರಲಿಲ್ಲ. ಸಂಗ್ರಾಣಿ ಕಲ್ಲು ಎದ್ದಿತೋ ಇಲ್ಲವೋ, ಎದುರಾಳಿಯ ಬೆನ್ನು ಮಣ್ಣಿಗೆ ಹತ್ತಿತೋ ಇಲ್ಲವೋ, ಅಷ್ಟೇ ಅಳತೆ. ಈಗ ಬರುವ ಹುಡುಗರಿಗೆ ಸಿಕ್ಸ್ ಪ್ಯಾಕ್ ಬೇಕು, ಅದೂ ಜಾತ್ರೆ ಬರುವುದರೊಳಗೆ. ಸಿನಿಮಾದವರು ಅಂಗಿ ಬಿಚ್ಚುವ ದೃಶ್ಯಕ್ಕಾಗಿ ತಿಂಗಳುಗಟ್ಟಲೆ ಮೈ ಒಣಗಿಸಿ, ಹಿಂದಿನ ದಿನ ನೀರನ್ನೂ ಬಿಗಿಹಿಡಿಯುವುದುಂಟು ಎಂದು ಇವರಿಗೆ ಹೇಳುವವರಿಲ್ಲ. ಎಷ್ಟು ಮೈ ಬೆಳೆಸಿದರೂ ತಾನು ಸಣಕಲನೇ ಎಂದು ಕೊರಗುವ ಸ್ಥಿತಿಗೆ ಅಮೆರಿಕದ ವೈದ್ಯರು 1997ರಲ್ಲಿ ‘ಮಸಲ್ ಡಿಸ್ಮಾರ್ಫಿಯಾ’ ಎಂದು ಹೆಸರಿಟ್ಟರು.

ಇನ್ನೊಂದು ನೋವಿದೆ. ನಮ್ಮಂಥ ದಪ್ಪ ಕುತ್ತಿಗೆಯವನು ತೆರೆಯ ಮೇಲೆ ಬಂದರೆ ಬಹಳ ಸಲ ಖಳನ ಬಂಟನಾಗಿರುತ್ತಾನೆ, ಇಲ್ಲವೇ ತಿಂಡಿಪೋತ ದಡ್ಡನಾಗಿರುತ್ತಾನೆ. ಅವನ ಬಾಯಲ್ಲಿ ನಮ್ಮ ಕಡೆಯ ಭಾಷೆ ಹಾಕಿ ನಗಿಸುತ್ತಾರೆ. ನನ್ನ ಅಣ್ಣನ ಮಗ ವಿಡಿಯೊ ಮಾಡುವಾಗ ಬೆಂಗಳೂರಿನ ಕನ್ನಡ ಮಾತನಾಡಿ, ಮುಗಿದ ಕೂಡಲೇ ‘ಯಪ್ಪಾ, ಊಟಕ್ಕ ಬಾ’ ಎಂದು ಕರೆಯುತ್ತಾನೆ. ಮೈಯನ್ನು ಮುಚ್ಚಿಟ್ಟಂತೆ ಮಾತನ್ನೂ ಮುಚ್ಚಿಡುವುದನ್ನು ಅವನಿಗೆ ಯಾರೂ ಕಲಿಸಲಿಲ್ಲ.

ಉತ್ತರ: ಕಾನೂನು ವಿದ್ಯಾರ್ಥಿ, ವಿಜಯಪುರ

ಇದಕ್ಕೆ ಕಾನೂನು ಬೇಕು. ಜಾಹೀರಾತಿನಲ್ಲಿ ರೂಪದರ್ಶಿಯ ದೇಹದ ಆಕಾರವನ್ನು ತಿದ್ದಿದ್ದರೆ ಹಾಗೆಂದು ಬರೆಯಲೇಬೇಕೆಂಬ ನಿಯಮ ಫ್ರಾನ್ಸಿನಲ್ಲಿ 2017ರಲ್ಲಿ ಜಾರಿಗೆ ಬಂದಿತು, ನಾರ್ವೆಯಲ್ಲಿ 2022ರಲ್ಲಿ.

ಉಪನ್ಯಾಸಕಿ, ಬೆಳಗಾವಿ

ನಿಯಮವಿರಲಿ, ನಾನು ಬೇಡವೆನ್ನುವುದಿಲ್ಲ. ಆದರೆ ಅಂಥ ಸೂಚನೆಯನ್ನು ಓದಿದವರಲ್ಲಿ ತಮ್ಮ ದೇಹದ ಬಗೆಗಿನ ಅಸಮಾಧಾನವು ಹೇಳಿಕೊಳ್ಳುವಷ್ಟು ತಗ್ಗದಿರುವುದನ್ನು ಹಲವು ಪ್ರಯೋಗಗಳು ತೋರಿಸಿವೆ. ಸುಳ್ಳೆಂದು ತಿಳಿದ ಮಾತ್ರಕ್ಕೆ ಆಸೆ ಹೋಗುವುದಿಲ್ಲವಲ್ಲ.

ಶಿಕ್ಷಕಿ, ನವನಗರ

ಎಲ್ಲರಿಗೂ ಧನ್ಯವಾದಗಳು. ಸ್ಟುಡಿಯೊದವರು ಹೇಳಿದಂತೆ ಇಂದು ಪ್ರಯೋಗಾಲಯದ ಕಿಟಕಿಯ ಬಳಿ ಏಳೂ ಜನರ ಫೋಟೊ ತೆಗೆದೆ. ಆ ಹುಡುಗಿ ತನ್ನದನ್ನು ಬಹಳ ಹೊತ್ತು ನೋಡಿ, ‘ಇದು ಅಪ್ಪನ ಹಂಗ ಐತಿ’ ಎಂದಳು. ಹೊಗಳಿಕೆಯೋ ದೂರೋ ತಿಳಿಯಲಿಲ್ಲ, ಆದರೆ ಅರ್ಜಿಗೆ ಅದನ್ನೇ ಅಂಟಿಸಿದಳು. ಊಟದ ವಿಷಯಕ್ಕೆ ಸೋಮವಾರ ತಾಯಿಯನ್ನು ಮತ್ತೆ ಬರಹೇಳಿದ್ದೇನೆ, ಈ ಸಲ ಮಗಳನ್ನು ಹೊರಗೆ ಕೂರಿಸಿ ಮಾತನಾಡುತ್ತೇನೆ.