ಯಾರನ್ನು ನಂಬಬೇಕೋ ಗೊತ್ತಾಗ್ತಿಲ್ಲ, ಡಾಕ್ಟ್ರೇ

ಪ್ರಶ್ನೆ (ಸಿಂಧನೂರು ತಾಲ್ಲೂಕಿನ ಸದಸ್ಯರು):
ನಮಸ್ಕಾರ ಮೇಡಂ. ನನಗೆ 34 ವರ್ಷ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೇ ಭಾಗದಲ್ಲಿ ನಾಲ್ಕು ಎಕರೆ ಭತ್ತದ ಗದ್ದೆ ಇದೆ. ಅಪ್ಪ ತೀರಿಕೊಂಡ ಮೇಲೆ ಪಹಣಿಯಲ್ಲಿ ನನ್ನ ಹೆಸರು ತಪ್ಪಾಗಿ ಬಂತು. ಅದನ್ನು ಸರಿ ಮಾಡಿಸಲು ಎಂಟು ತಿಂಗಳಿಂದ ಒಂದು ಕಚೇರಿಗೆ ಅಲೆಯುತ್ತಿದ್ದೇನೆ. ದಿನಾ ‘ನಾಳೆ ಬಾ’ ಅನ್ನೋದೇ ಉತ್ತರ. ಇದರ ಮಧ್ಯೆ ಮೊಬೈಲ್ ತುಂಬ ರಾಜಕೀಯ. ಅಣ್ಣ ಒಂದು ಪಕ್ಷ, ನಾನು ಇನ್ನೊಂದು. ರಾಯಚೂರಿಗೆ ಏಮ್ಸ್ (ಕೇಂದ್ರ ಸರ್ಕಾರದ ದೊಡ್ಡ ಆಸ್ಪತ್ರೆ) ಯಾರಿಂದ ತಪ್ಪಿತು ಅಂತ ಮನೆಯವರ ವಾಟ್ಸಾಪ್ ಗುಂಪಿನಲ್ಲೇ ಜಗಳ ಆಯ್ತು. ಎರಡು ತಿಂಗಳಿಂದ ಮಾತಿಲ್ಲ. ರಾತ್ರಿ ಎರಡು ಗಂಟೆಯಾದರೂ ನಿದ್ದೆ ಬರಲ್ಲ. ಯಾವ ಸುದ್ದಿ ನೋಡಿದರೂ ಸುಳ್ಳು ಅನ್ನಿಸುತ್ತದೆ. ಇದು ಕಾಯಿಲೆನಾ? ವೋಟು ಹಾಕೋದನ್ನೇ ಬಿಟ್ಟರೆ ಮನಸ್ಸು ಹಗುರ ಆಗುತ್ತಾ?

ಉತ್ತರ (ಈ ಪ್ರಶ್ನೋತ್ತರ ಗುಂಪಿನ ಮನೋವೈದ್ಯೆ, ಬಳ್ಳಾರಿ):
ನಂಬಿಕೆ ಹೋಗಿರುವುದು ಕಾಯಿಲೆ ಅಲ್ಲ. ಎಂಟು ತಿಂಗಳು ‘ನಾಳೆ ಬಾ’ ಅನ್ನಿಸಿಕೊಂಡವರಿಗೆ ನಂಬಿಕೆ ಹಾಗೇ ಉಳಿದಿದ್ದರೆ ಅದೇ ಆಶ್ಚರ್ಯ. ಆದರೆ ನಿದ್ದೆ ಹೋಗಿರುವುದನ್ನು ಹಗುರವಾಗಿ ತಗೋಬೇಡಿ. ಮೊದಲು ಅದನ್ನು ಸರಿ ಮಾಡೋಣ. ರಾತ್ರಿ ಊಟ ಆದ ಮೇಲೆ ಮೊಬೈಲನ್ನು ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿ, ನೀವು ಬೇರೆ ಕೋಣೆಯಲ್ಲಿ ಮಲಗಿ. ಎರಡು ವಾರ ಹೀಗೆ ಮಾಡಿದರೂ ನಿದ್ದೆ ಬರದಿದ್ದರೆ, ಊಟ ಸೇರದಿದ್ದರೆ ಅಥವಾ ಬದುಕೇ ಬೇಡ ಅನ್ನಿಸಿದರೆ ತಡ ಮಾಡದೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಸಹಾಯವಾಣಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಸರ್ಕಾರದ್ದು ಅಂತ ಕೇಳಿ ಬೇಸರ ಆಯ್ತಾ? ಹಾಗಿದ್ದರೆ ಇದನ್ನು ಸ್ವಲ್ಪ ಕೇಳಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇವತ್ತು ದೇಶದ ಉದ್ದಗಲಕ್ಕೂ ಇದೆ. ಅದರ ಮೊದಲ ಪ್ರಯೋಗ ನಡೆದದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ. 1985ರಿಂದ 1990ರವರೆಗೆ ನಿಮ್ಹಾನ್ಸ್‌ನವರು ಹಳ್ಳಿಯ ಆರೋಗ್ಯ ಕೇಂದ್ರಗಳ ವೈದ್ಯರಿಗೇ ತರಬೇತಿ ಕೊಟ್ಟು ಮಾನಸಿಕ ಕಾಯಿಲೆಗೆ ಚಿಕಿತ್ಸೆ ಶುರು ಮಾಡಿಸಿದರು. 1996ರಲ್ಲಿ ಅದೇ ಮಾದರಿಯನ್ನು ಕೇಂದ್ರ ಸರ್ಕಾರ ತಗೊಂಡಿತು. ಈಗಲೂ ಅದಕ್ಕೆ ‘ಬಳ್ಳಾರಿ ಮಾದರಿ’ ಅಂತಲೇ ಹೆಸರು. ನಿಮ್ಮನ್ನು ಅಲೆಸುತ್ತಿರುವ ಗುಮಾಸ್ತರೂ ಸರ್ಕಾರವೇ, ಆ ಹಳ್ಳಿ ಡಾಕ್ಟರೂ ಸರ್ಕಾರವೇ. ನಿಮ್ಮ ಊರಿನ ಲೈನ್‌ಮನ್, ಆಶಾ ಕಾರ್ಯಕರ್ತೆ, ಶಾಲೆಯ ಮೇಷ್ಟ್ರು, ದೆಹಲಿಯ ಮಂತ್ರಿ ಎಲ್ಲರನ್ನೂ ಒಂದೇ ಮೂಟೆಗೆ ಕಟ್ಟಿ ತಲೆ ಮೇಲೆ ಹೊತ್ತರೆ ಕತ್ತು ನೋಯದೆ ಇರುತ್ತಾ? ಮೂಟೆ ಬಿಚ್ಚಿ. ಯಾರು, ಯಾವತ್ತು, ಏನು ಮಾಡಿದರು ಅಂತ ಬೇರೆ ಬೇರೆ ಇಟ್ಟು ನೋಡಿ.

ಇದನ್ನು ನಾನು ಕಲಿತದ್ದು 2024ರ ಆಗಸ್ಟ್ 10ರ ರಾತ್ರಿ. ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ಕಿತ್ತು, ಗೇಟೇ ಕೊಚ್ಚಿಹೋದ ರಾತ್ರಿ ಅದು. ನಮ್ಮ ಚಿಕ್ಕಮ್ಮ ಇರುವುದು ಕಂಪ್ಲಿಯಲ್ಲಿ, ಹೊಳೆ ಪಕ್ಕದಲ್ಲೇ. ‘ಡ್ಯಾಮ್ ಒಡೆದಿದೆ, ಊರು ಬಿಡಿ’ ಅಂತ ಒಬ್ಬರ ಧ್ವನಿ ಸಂದೇಶ. ‘ಏನೂ ಆಗಿಲ್ಲ, ಸುಮ್ನೆ ಹೆದರಿಸ್ತಿದ್ದಾರೆ’ ಅಂತ ಇನ್ನೊಬ್ಬರದು. ನನ್ನ ಕೈ ನಡುಗುತ್ತಿತ್ತು. ಆಗ ಮಗಳ ನೋಟ್‌ಬುಕ್ ತಗೊಂಡು ಮಧ್ಯೆ ಒಂದು ಗೆರೆ ಎಳೆದೆ. ಎಡಗಡೆ ಗೊತ್ತಿರುವುದು, ಬಲಗಡೆ ಕೇಳಿದ್ದು. ಎಡಗಡೆ ಬರೆಯಲು ಸಿಕ್ಕಿದ್ದು ಮೂರೇ ಸಾಲು: 33 ಗೇಟುಗಳಲ್ಲಿ ಹೋಗಿರುವುದು ಒಂದು. ಹೊಳೆಗೆ ನೀರು ಜಾಸ್ತಿ ಬರುತ್ತದೆ. ಚಿಕ್ಕಮ್ಮನ ಮನೆ ತಗ್ಗಿನಲ್ಲಿದೆ. ಬಲಗಡೆ ಪುಟ ತುಂಬಿತು. ಆದರೆ ಮಾಡಬೇಕಾದ್ದು ಏನು ಅಂತ ಆ ಮೂರು ಸಾಲೇ ಹೇಳಿದವು. ಚಿಕ್ಕಮ್ಮನನ್ನು ಆ ರಾತ್ರಿಯೇ ಎತ್ತರದ ಬೀದಿಯ ನೆಂಟರ ಮನೆಗೆ ಕಳಿಸಿದೆವು. ವಾರದೊಳಗೆ ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿದರು. ಗೇಟು ಹೋಗುವವರೆಗೆ ಯಾಕೆ ಸುಮ್ಮನಿದ್ದರು ಅಂತ ಕೇಳುವ ಹಕ್ಕು ನಮಗಿದೆ. ಆ ನೀರಿಗೆ ಇಳಿದು ಕೆಲಸ ಮಾಡಿದವರಿಗೆ ಕೈ ಮುಗಿಯಲೂಬೇಕು.

ನೀವೂ ಇವತ್ತು ಹಾಗೊಂದು ಗೆರೆ ಎಳೆಯಿರಿ. ಏಮ್ಸ್ ಯಾರಿಂದ ತಪ್ಪಿತು ಅನ್ನೋದು ನಿಮಗೂ ಅಣ್ಣನಿಗೂ ಬಲಗಡೆ ಹೋಗುತ್ತದೆ. ಪಹಣಿ ಎಡಗಡೆ ಬರುತ್ತದೆ. ಅಲ್ಲಿಂದಲೇ ಶುರು ಮಾಡಿ. ಮಾಹಿತಿ ಹಕ್ಕಿನ ಅರ್ಜಿ ಹಾಕಿ. 2005ರ ಕಾಯ್ದೆ ಅದು, ಶುಲ್ಕ 10 ರೂಪಾಯಿ. ‘ಯಾಕೆ ತಡ ಮಾಡಿದಿರಿ’ ಅಂತ ಕೇಳಬೇಡಿ, ಅದಕ್ಕೆ ಉತ್ತರ ಬರಲ್ಲ. ‘ಇಂಥ ದಿನ ಕೊಟ್ಟ ನನ್ನ ಅರ್ಜಿ ಯಾವ ದಿನದಿಂದ ಯಾವ ದಿನದವರೆಗೆ ಯಾರ ಬಳಿ ಇತ್ತು, ಕಡತದ ಟಿಪ್ಪಣಿ ಪ್ರತಿ ಕೊಡಿ’ ಅಂತ ಕೇಳಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮೇಲಿನ ಅಧಿಕಾರಿಗೆ ಮೇಲ್ಮನವಿ.

ವೋಟು ಬಿಡಬೇಡಿ. ಯಾರೂ ಬೇಡ ಅನ್ನಿಸಿದರೆ 2013ರಿಂದ ನೋಟಾ ಗುಂಡಿಯೂ ಇದೆ. ಮನೆಯಲ್ಲೇ ಕೂತರೆ ನಿಮ್ಮ ಸಿಟ್ಟು ಎಲ್ಲೂ ದಾಖಲಾಗಲ್ಲ.

ಇನ್ನೊಂದು ಪ್ರಶ್ನೆ (ಕೊಪ್ಪಳದ ಸದಸ್ಯೆ):
ನಾನು ಆರು ತಿಂಗಳಿಂದ ನ್ಯೂಸ್ ನೋಡೋದನ್ನೇ ಬಿಟ್ಟಿದ್ದೇನೆ. ಮನಸ್ಸು ಶಾಂತ ಇದೆ. ಆದರೆ ಊರಿನ ಕಷ್ಟಕ್ಕೆ ಬೆನ್ನು ತಿರುಗಿಸಿದ ಹಾಗೆ ಅನ್ನಿಸುತ್ತದೆ. ಇದು ತಪ್ಪಾ?

ಉತ್ತರ:
ತಪ್ಪಲ್ಲ. ಟಿವಿ ಮುಂದೆ ಮೂರು ತಾಸು ಕೂತರೆ ಊರಿನ ಕಷ್ಟ ಕಡಿಮೆ ಆಗಲ್ಲ. ಆದರೆ ಒಂದು ವಿಷಯವನ್ನು ಮಾತ್ರ ಹಿಡಿದುಕೊಳ್ಳಿ. ನಿಮ್ಮ ಓಣಿಯ ಕುಡಿಯೋ ನೀರು ಇರಬಹುದು, ಮಕ್ಕಳ ಶಾಲೆ ಇರಬಹುದು. ಹಳ್ಳಿಯಾದರೆ ಆರು ತಿಂಗಳಿಗೆ ಒಂದು ಸಲವಾದರೂ ಗ್ರಾಮಸಭೆ ನಡೆಯಲೇಬೇಕು. ಹೋಗಿ ಕೂತು ಆ ಒಂದು ಪ್ರಶ್ನೆ ಕೇಳಿ. ರಾಯಚೂರಿನಲ್ಲಿ ಏಮ್ಸ್ ಬೇಕು ಅಂತ 2022ರ ಮೇ ತಿಂಗಳಲ್ಲಿ ಧರಣಿ ಕೂತವರು ಹಿಡಿದದ್ದೂ ಒಂದೇ ಬೇಡಿಕೆ. ಅವರಲ್ಲೂ ಬೇರೆ ಬೇರೆ ಪಕ್ಷದವರು ಇದ್ದಾರೆ. ಬೆಳಿಗ್ಗೆ ಒಂದು ಪತ್ರಿಕೆ ಓದಿ ಮಡಚಿಟ್ಟರೆ ಸುದ್ದಿಯೂ ಸಾಕಾಗುತ್ತದೆ.

ಮತ್ತೆ ಸಿಂಧನೂರಿನ ಸದಸ್ಯರು:
ಮೇಡಂ, ಗೆರೆ ಎಳೆದು ಬರೆದೆ. ಎಡಗಡೆ ಪಹಣಿ ಬಿಟ್ಟರೆ ಇನ್ನೊಂದೇ ಸಾಲು ಬಂತು: ‘ಅಪ್ಪನ ತಿಥಿ ದಿನ ಅಣ್ಣ ನನ್ನ ಪಕ್ಕದಲ್ಲೇ ಕೂತಿದ್ದ.’ ಅರ್ಜಿ ಬರೆಯೋಕೆ ಅವನನ್ನೇ ಕರೀಲಾ? ಅವನ ಅಕ್ಷರ ಚೆನ್ನಾಗಿದೆ.

ಉತ್ತರ:
ಕರೀರಿ. ಮನೆಯವರ ಗುಂಪಿನಲ್ಲಿ ಮೆಸೇಜ್ ಹಾಕಬೇಡಿ, ಮನೆಗೇ ಹೋಗಿ. ಏಮ್ಸ್ ಮಾತು ಎತ್ತಬೇಡಿ, ಪಹಣಿ ಪ್ರತಿ ಕೈಯಲ್ಲಿರಲಿ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಅಂಚೆ ಕಚೇರಿಯಲ್ಲಿ ಸಿಗುತ್ತದೆ. ಅರ್ಜಿಯ ಜೆರಾಕ್ಸ್ ಇಟ್ಟುಕೊಂಡು ಸ್ಪೀಡ್ ಪೋಸ್ಟಿನಲ್ಲೇ ಕಳಿಸಿ. ಕಳಿಸಿದ ತಾರೀಖು ಇಲ್ಲಿ ಹಾಕಿ, 30ನೇ ದಿನ ನಾನೇ ನೆನಪಿಸುತ್ತೇನೆ.